ಬಾವಿಗೆ ಇಳಿಯುವವರು ನೋಡಬಾರದು

ನಮ್ಮ ಮನೆಯಲ್ಲಿ ಸುತ್ತಿಗೆಯ ಕಾವನ್ನು, ಅಂದರೆ ಅದರ ಕಟ್ಟಿಗೆಯ ಹಿಡಿಯನ್ನು, ಕೆನ್ನೆಗೆ ಒತ್ತಿ ನೋಡುವ ರೂಢಿಯಿತ್ತು. ನೋಡುತ್ತಿದ್ದವಳು ಅವ್ವ. ರೊಟ್ಟಿ ಬಡಿದು, ಪಾತ್ರೆ ತಿಕ್ಕಿ, ಅಂಗಳ ಸಾರಿಸಿ ಅವಳ ಅಂಗೈ ಗಟ್ಟಿಯಾಗಿಬಿಟ್ಟಿತ್ತು. ಕೂದಲೆಳೆಯಷ್ಟು ಸಣ್ಣ ಬಿರುಕು ಆ ಕೈಗೆ ಸಿಗುತ್ತಿರಲಿಲ್ಲ, ಕೆನ್ನೆಗೆ ಸಿಗುತ್ತಿತ್ತು. ಈಗ ನಾನು ಬೆಳಗಾವಿಯ ಹಿಂದವಾಡಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಬಲ್ಬು ಬದಲಿಸಲು ಅಳಿಯ ಏಣಿ ತಂದರೆ ಮೊದಲು ಅದರ ಮೆಟ್ಟಿಲುಗಳನ್ನು ನಾನು ಒಂದೊಂದಾಗಿ ತುಳಿದು ನೋಡಬೇಕು. ಆಟೋ ನಗರದಲ್ಲಿ ಗ್ಯಾರೇಜು ಇಟ್ಟಿರುವ ನನ್ನ ತಮ್ಮನ ಮಗ, ನಾನು ಬರುವುದು ಕಂಡರೆ ನಟ್ಟು ಬಿಚ್ಚುವ ಸವೆದ ಪಾನಾಗಳನ್ನು ಗೋಣಿಚೀಲದ ಕೆಳಗೆ ಸರಿಸುತ್ತಾನೆ. “ಅತ್ತೀ, ಇವತ್ತ ಚೆಕಿಂಗ್ ಬ್ಯಾಡ್ರಿ, ಗಿರಾಕಿ ನಿಂತಾರ” ಎನ್ನುತ್ತಾನೆ. ನಾನು ಚೀಲ ಎತ್ತಿಯೇ ಎತ್ತುತ್ತೇನೆ. ಬಾಯಿ ಅಗಲವಾದ ಪಾನಾ ನಟ್ಟಿನ ಮೇಲಿಂದ ಜಾರಿದರೆ ಬೆರಳಿನ ಗೆಣ್ಣು ಕಿತ್ತುಹೋಗುವುದು ಗಿರಾಕಿಯದಲ್ಲ, ಅವನದು. ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ನರ್ಸಾಗಿ ದುಡಿದಷ್ಟು ವರ್ಷವೂ ನನ್ನದು ಇದೇ ಹಟ. ಕತ್ತರಿ, ಚಿಮಟಗಳನ್ನು ಬೆಳಕಿಗೆ ಹಿಡಿದು ನೋಡದೆ ತಟ್ಟೆಯಲ್ಲಿ ಇಡುತ್ತಿರಲಿಲ್ಲ. ನರ್ಸಿಂಗ್ ಶಾಲೆಯ ಶಿಸ್ತು ಎಂದು ಡಾಕ್ಟರುಗಳು ತಿಳಿದಿದ್ದರು. ಅದು ಖಾನಾಪುರದ ನಮ್ಮ ಪಡಸಾಲೆಯ ಶಿಸ್ತು.

ಅಪ್ಪ ಮತ್ತು ಅವನ ತಮ್ಮ ಈರಪ್ಪ ಕಾಕಾ ಬಾವಿಯ ಕೆಲಸದವರು. ಹೊಸ ಬಾವಿ ತೋಡುವುದು, ಹಳೆಯದರ ಹೂಳೆತ್ತುವುದು, ಬೇಸಿಗೆಯಲ್ಲಿ ನೀರು ಇಳಿದಾಗ ತಳದ ಬಂಡೆ ಒಡೆದು ಆಳ ಮಾಡುವುದು ಅವರ ಕಾಯಕ. ಬಂಡೆ ಒಡೆಯುವಾಗ ಅಪ್ಪ ಕುಕ್ಕರಗಾಲಲ್ಲಿ ಕುಳಿತು ಚಾಣ ಹಿಡಿಯುತ್ತಿದ್ದ. ಚಾಣವೆಂದರೆ ಕಲ್ಲು ಸೀಳುವ ದಪ್ಪ ಉಳಿ. ಕಾಕಾ ಅವನೆದುರು ನಿಂತು ದೊಡ್ಡ ಸುತ್ತಿಗೆಯನ್ನು ಬೀಸಿ ಅದರ ನೆತ್ತಿಗೆ ಹೊಡೆಯುತ್ತಿದ್ದ. ಬಾವಿಯ ತಳದಲ್ಲಿ ಅತ್ತಿತ್ತ ಸರಿಯಲು ಜಾಗವಿರುವುದಿಲ್ಲ. ಬೀಸಿದ ಸುತ್ತಿಗೆಯ ತಲೆ ಕಾವಿನಿಂದ ಕಳಚಿ ಹಾರಿದರೆ ಹೋಗಿ ಬಡಿಯುವುದು ಅಪ್ಪನಿಗೇ. ಈ ಮಾತನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಆಡುವ ಬದಲು ನೋಡುತ್ತಿದ್ದರು.

ಮನೆ ದೊಡ್ಡದಲ್ಲ. ಮುಂದೆ ಕಟ್ಟೆ, ಒಳಗೆ ಪಡಸಾಲೆ, ಅದರಾಚೆ ದೇವರ ಜಗಲಿಯೂ ಒಲೆಯೂ ಇದ್ದ ಅಡುಗೆಮನೆ, ಹಿತ್ತಲ ಕಡೆ ತಾಮ್ರದ ಹಂಡೆ ಹೂತ ಬಚ್ಚಲು. ಇಷ್ಟರಲ್ಲೇ ಅವ್ವ ಒಂದೊಂದು ಸಾಮಾನಿಗೂ ಒಂದು ಗೂಟ, ಒಂದು ಮೂಲೆ ಗೊತ್ತುಮಾಡಿದ್ದಳು. ಕುಡಗೋಲು ತನ್ನ ಗೂಟ ಬಿಟ್ಟು ಪಕ್ಕದ ಗೂಟದಲ್ಲಿ ತೂಗಿದರೆ ಅಂದಿನ ಊಟಕ್ಕೆ ಬೈಗುಳವೇ ಪಲ್ಯ. ಅವಳ ತವರು ಪಾರಿಶ್ವಾಡ; ಅವಳ ಲೆಕ್ಕದಲ್ಲಿ ರೊಟ್ಟಿ ಉಂಡರೆ ಊಟ, ಅನ್ನ ಉಂಡರೆ ತಿಂಡಿ. ಕಾಕಾನಿಗೆ ಅನ್ನವೇ ಬೇಕು. ದಿನಾ ಸಂಜೆ ತಾಟಿನ ಮುಂದೆ ಇಬ್ಬರದೂ ಈ ಒಂದು ಜಗಳ ಆಗಲೇಬೇಕಿತ್ತು. ಅಪ್ಪ ತಲೆ ಎತ್ತದೆ ಖಾರದ ಶೇಂಗಾ ಹಿಂಡಿಗೆ ಎಣ್ಣೆ ಕಲಸಿಕೊಂಡು ಉಂಡು ಏಳುತ್ತಿದ್ದ. ಕಾಕಾನಿಗೆ ಆಗಿನ್ನೂ ಮದುವೆಯಾಗಿರಲಿಲ್ಲ. ಅವ್ವನಿಗೆ ಮೈದುನ, ನನಗೆ ಕುದುರೆ. ಶಾಲೆಗೆ ಹೆಗಲ ಮೇಲೆ ಹೊತ್ತು ಒಯ್ಯುತ್ತಿದ್ದ. ಮಲಪ್ರಭೆಯಲ್ಲಿ ಈಜು ಕಲಿಸಿದವನೂ ಅವನೇ.

ಕೆಲಸಕ್ಕೆ ಹೋಗುವ ಹಿಂದಿನ ಸಂಜೆ, ದೀಪ ಹಚ್ಚಿ ಎಲ್ಲರೂ ಹಣೆಗೆ ವಿಭೂತಿ ಇಟ್ಟುಕೊಂಡ ಮೇಲೆ, ಸಾಮಾನೆಲ್ಲ ಪಡಸಾಲೆಗೆ ಬರುತ್ತಿತ್ತು. ಹಾರೆ, ಸಲಿಕೆ, ಚಾಣ, ಸುತ್ತಿಗೆ, ಮಣ್ಣೆತ್ತುವ ಕಬ್ಬಿಣದ ಬುಟ್ಟಿ, ರಾಟೆ, ಕೊನೆಗೆ ಹಗ್ಗ. ಅವ್ವ ಕಂದೀಲನ್ನು ಮುಂದಿಟ್ಟುಕೊಂಡು ನೆಲದ ಮೇಲೆ ಕೂರುತ್ತಿದ್ದಳು. ಅಪ್ಪ, ಕಾಕಾ ಇಬ್ಬರೂ ಹೊಸ್ತಿಲ ಹತ್ತಿರ ಬೀದಿಗೆ ಮುಖ ಮಾಡಿ, ಅವಳಿಗೆ ಬೆನ್ನು ಕೊಟ್ಟು ಕೂರಬೇಕು. ಬಾವಿಗೆ ಇಳಿಯುವವರು ನೋಡಬಾರದು. ಅದು ಅಜ್ಜ ಹಾಕಿಟ್ಟ ಕಟ್ಟಳೆ. ಯಾಕೆಂದು ನಾನೊಮ್ಮೆ ಅವ್ವನನ್ನು ಕೇಳಿದೆ.

“ನಿಮ್ಮಪ್ಪಗ ಹಸಿವ್ಯಾದಾಗ ರೊಟ್ಟಿ ಸೀದದ್ದು ಕಾಣತೈತೇನ? ಹಂಗ ಇದು. ನಾಳೆ ಇಳೀಬೇಕು ಅಂತ ತಲ್ಯಾಗ ಇಟಗೊಂಡು ಕುಂತಾಂವಗ ಬಿರುಕು ಕಾಣಂಗಿಲ್ಲ. ಮನ್ಯಾಗ ದಾರಿ ಕಾಯಾಕಿಗೆ ಕಾಣತೈತಿ.”

ಈ ನೋಡುವಿಕೆಗೆ ಅವಳದೇ ಮಾತುಗಳಿದ್ದವು. ಹೊಡೆತ ತಿಂದು ತಿಂದು ಚಾಣದ ನೆತ್ತಿ ಅಂಚಿಗೆಲ್ಲ ಅರಳಿಕೊಂಡಿದ್ದರೆ ‘ಹೂ ಬಿಟ್ಟೈತಿ’ ಎನ್ನುತ್ತಿದ್ದಳು. ಆ ಹೂವಿನ ಎಸಳು ಸಿಡಿದರೆ ಕಣ್ಣು ಹೋಗುತ್ತದೆ, ಅದನ್ನು ಕಮ್ಮಾರನ ಹತ್ತಿರ ಕೊಯ್ಯಿಸಬೇಕು. ಹಗ್ಗವನ್ನು ಮೇಲೆ ಮೇಲೆ ನೋಡುತ್ತಿರಲಿಲ್ಲ; ಮೊಳ ಮೊಳಕ್ಕೂ ಹುರಿ ಬಿಚ್ಚಿ ಒಳಗಿನ ನಾರು ನೋಡುತ್ತಿದ್ದಳು. ಒಳಗಿನಿಂದ ಹಿಟ್ಟಿನಂಥ ಪುಡಿ ಉದುರಿದರೆ ‘ಹೊಟ್ಟಿ ಕೆಟ್ಟೈತಿ’. ಎಲ್ಲಕ್ಕಿಂತ ಕೆಟ್ಟ ಮಾತು, ನಮ್ಮ ಮನೆಯಲ್ಲಿ ಬೈಗುಳದಂತೆ ಇದ್ದ ಮಾತು, ‘ನೀರು ಕುಡಿಸ್ಯಾರ’. ಸುತ್ತಿಗೆಯ ತಲೆ ಸಡಿಲಾದರೆ ಕೆಲವರು ಹೊಸ ಕಾವು ಹಾಕದೆ ಅದನ್ನು ನೀರಿನಲ್ಲಿ ಮುಳುಗಿಸಿಡುತ್ತಾರೆ. ಕಟ್ಟಿಗೆ ಉಬ್ಬಿ ತಲೆ ಬಿಗಿಯಾಗಿ ಕೂರುತ್ತದೆ. ಅಲ್ಲಾಡಿಸಿ ನೋಡಿದರೆ ಹೊಚ್ಚ ಹೊಸದರ ಹಾಗೆ. ಮರುದಿನ ಬಿಸಿಲೇರಿ ಕಟ್ಟಿಗೆ ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಸಡಿಲ. ಅಷ್ಟು ಹೊತ್ತಿಗೆ ಅವರು ಬಾವಿಯ ತಳದಲ್ಲಿರುತ್ತಾರೆ.

ಬೇಡ ಎಂದ ಕಾವನ್ನು ಅದೇ ಸಂಜೆ ಕೊಯ್ದು ಹಂಡೆಯ ಒಲೆಗೆ ಹಾಕಿಬಿಡಬೇಕು. ಮೂಲೆಯಲ್ಲಿ ಇಟ್ಟರೆ ಅವಸರದಲ್ಲಿ ಯಾರಾದರೂ ಮತ್ತೆ ಎತ್ತಿಕೊಳ್ಳುತ್ತಾರೆ. ಇದರಿಂದ ಕಾಕಾನಿಗೆ ಹೊಟ್ಟೆ ಉರಿಯುತ್ತಿತ್ತು.

“ವೈನೀ, ನಿಮ್ಮ ಕೈಯಾಗ ಸಿಕ್ರ ಯಮನ ಹಗ್ಗಾನೂ ಪಾಸ್ ಆಗಂಗಿಲ್ಲ ನೋಡ್ರಿ,” ಎಂದು ಬೀದಿಯ ಕಡೆ ಮುಖ ಮಾಡಿಯೇ ಕೂಗುತ್ತಿದ್ದ.

“ಪಾಸ್ ಮಾಡಬಾರದಂತನ ಕುಂತೇನಿ,” ಎನ್ನುತ್ತಿದ್ದಳು ಅವ್ವ, ಕೈಯಲ್ಲಿದ್ದ ಹಗ್ಗದಿಂದ ಕಣ್ಣು ಎತ್ತದೆ.

ನಾನು ಅವಳ ಮಗ್ಗುಲಿಗೆ ಕುಳಿತು ಎಲ್ಲವನ್ನೂ ಕಲಿತೆ. ಕಲಿತದ್ದನ್ನು ಎಲ್ಲಿ ಬಳಸಬಾರದು ಎಂಬುದನ್ನು ಮಾತ್ರ ಕಲಿಯಲಿಲ್ಲ. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನಮ್ಮ ಬಾಯೋರು ಗೆಳತಿಯೊಬ್ಬಳಿಗೆ ಹೊಡೆಯಲು ಕೋಲು ಎತ್ತಿದಾಗ ನಾನು ಎದ್ದು ನಿಂತು, “ಬಾಯೋರ, ಅದು ಸೀಳೈತ್ರಿ, ಮುರೀತೈತಿ” ಎಂದೆ. ಎಲ್ಲರೂ ನಕ್ಕರು. ಬಾಯೋರು ನನ್ನನ್ನೇ ಮುಂದೆ ಕರೆದು ಅದೇ ಕೋಲಿನಿಂದ ಹೊಡೆದರು. ಮುರಿಯಿತು. ಎರಡು ತುಂಡನ್ನೂ ಕೈಯಲ್ಲಿ ಹಿಡಿದು ಅವರು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಮುಂದಿದೆ. ಮನೆಗೆ ಬಂದು ಹೇಳಿದಾಗ ಅವ್ವ ಅಂಗೈಗೆ ಬೆಣ್ಣೆ ಸವರುತ್ತ ಕೇಳಿದ್ದು ಒಂದೇ ಪ್ರಶ್ನೆ: “ಸೀಳು ಉದ್ದಕ ಇತ್ತೋ, ಅಡ್ಡ ಇತ್ತೋ?” ಕಾಕಾ ಮಾತ್ರ ಅಂದಿನಿಂದ ನನ್ನನ್ನು ‘ಬಾಯೋರು’ ಎಂದೇ ಕರೆಯತೊಡಗಿದ.

ದೊಡ್ಡ ಸುತ್ತಿಗೆಗೆ ಅಜ್ಜ ಹಾಕಿದ್ದ ಜಾಲಿ ಕಟ್ಟಿಗೆಯ ಕಾವು ಇತ್ತು. ಅಜ್ಜ ತೀರಿಕೊಂಡಾಗ ಕಾಕಾ ಸಣ್ಣವ. ಅವನಿಗೆ ತನ್ನ ಅಪ್ಪನ ಮುಖವೇ ಸರಿಯಾಗಿ ನೆನಪಿಲ್ಲ. ಮನೆಯಲ್ಲಿ ಅಜ್ಜನ ಫೋಟೋ ಇರಲಿಲ್ಲ, ತೆಗೆಸಿಯೇ ಇರಲಿಲ್ಲ. ಇದ್ದದ್ದು ಈ ಕಾವು. ಅಜ್ಜನ ಕೈ ಹಿಡಿದ ಕಡೆ ಅದು ಸವೆದು, ಬಲಗೈ ಹೆಬ್ಬೆರಳಿನ ಜಾಗದಲ್ಲಿ ಒಂದು ನುಣುಪಾದ ಗುಳಿ ಬಿದ್ದಿತ್ತು. ಕಾಕಾ ದೊಡ್ಡವನಾಗಿ ಸುತ್ತಿಗೆ ಹಿಡಿದಾಗ ಅವನ ಹೆಬ್ಬೆರಳು ಹೋಗಿ ಅದೇ ಗುಳಿಯಲ್ಲಿ ಕುಳಿತಿತಂತೆ. ನನ್ನ ಬೆರಳನ್ನು ಅದರಲ್ಲಿ ಇಡಿಸಿ, “ನೋಡು, ಇಲ್ಲೆ ಅದಾನ ನಮ್ಮಪ್ಪ” ಎಂದು ತೋರಿಸಿದ್ದ. ಹಿಡಿಯುವ ಕಡೆ ಕಾವು ಗಟ್ಟಿಯಾಗಿಯೇ ಇತ್ತು. ತಲೆ ಸೇರುವ ತುದಿ ಮಾತ್ರ ವರ್ಷ ವರ್ಷ ಸವೆದು ತೆಳ್ಳಗಾಗುತ್ತ ಬಂದಿತ್ತು. ಅವ್ವ ಆಗಾಗ ಬೆಣೆ ಬಡಿಸಿ ಬಿಗಿ ಮಾಡಿಸಿದ್ದಳು. ಆ ಬೇಸಿಗೆಯ ಆರಂಭದಲ್ಲಿ ಹೊಸ ಬೆಣೆ ಬಡಿಸಿದಾಗ ಹೇಳಿಬಿಟ್ಟಳು:

“ಈರಪ್ಪಾ, ಇದs ಕಡೀದು. ಇನ್ನೊಂದು ಬೆಣಿ ಹೊಡದ್ರ ತುದಿ ಸೀಳತೈತಿ. ಮತ್ತ ಸಡ್ಲಾತಂದ್ರ ಒಲಿಗೆ.”

ಅನ್ನಕ್ಕಾಗಿ ಅಷ್ಟು ಜಗಳಾಡುವ ಕಾಕಾ ಅಂದು ಸುಮ್ಮನೆ ರೊಟ್ಟಿ ಉಂಡ.

ಆಮೇಲೆ ಒಂದು ದಿನ ಪಾರಿಶ್ವಾಡದಿಂದ ಕರೆ ಬಂತು. ಅವ್ವನ ತಂಗಿಗೆ ಹೆರಿಗೆಯಾಗಿತ್ತು, ಬಾಣಂತಿಯನ್ನು ನೋಡಿಕೊಳ್ಳಲು ಇವಳು ಹೋಗಬೇಕು. ಅಪ್ಪ ಒಂದು ತೋಟದ ಬಾವಿಯ ಬಂಡೆ ಒಡೆಯಲು ಒಪ್ಪಿಕೊಂಡಾಗಿತ್ತು. ನನ್ನ ಪುಟ್ಟ ತಮ್ಮನನ್ನು ಸೊಂಟಕ್ಕೆ ಎತ್ತಿಕೊಂಡು ಬಸ್ಸಿಗೆ ಕಾಯುತ್ತಿದ್ದಾಗ ಅವ್ವ ಹಿಟ್ಟಿನ ಡಬ್ಬಿ ಎಲ್ಲಿದೆ, ಹಾಲು ಎಷ್ಟು ಕಾಯಿಸಬೇಕು ಎಂದೆಲ್ಲ ಹೇಳುವ ಧ್ವನಿಯಲ್ಲೇ ಹೇಳಿದಳು: “ಸಾಮಾನು ನೀ ನೋಡು. ಗದ್ದಲ ಮಾಡಬ್ಯಾಡ, ಅವಸರ ಮಾಡಬ್ಯಾಡ. ಬ್ಯಾಡ ಅನಸಿದ್ರ ಬ್ಯಾಡ ಅನ್ನು. ಯಾಕ ಅಂತ ಕೇಳಿದ್ರ ಮಾತಾಡಾಕ ಹೋಗಬ್ಯಾಡ.” ಬಸ್ಸು ಹೊರಟಿತು. ಅದುವರೆಗೆ ಅವಳ ಮಗ್ಗುಲಲ್ಲಿ ಕೂತು ನೋಡಿದ್ದೆ. ತಪ್ಪಿದರೆ ತಿದ್ದಲು ಅವಳಿದ್ದಳು.

ಆ ಸಂಜೆ ದೀಪ ಹಚ್ಚಿದೆ. ಸಾಮಾನು ಬಂತು. ಅಪ್ಪ ಎಂದಿನಂತೆ ಹೊಸ್ತಿಲ ಬಳಿ ಬೆನ್ನು ತಿರುಗಿಸಿ ಕುಳಿತು ಎಲೆಗೆ ಸುಣ್ಣ ಹಚ್ಚತೊಡಗಿದ. ಕಾಕಾ ಅವನ ಪಕ್ಕಕ್ಕೆ ಕುಳಿತ.

“ಬಾಯೋರು ಬಂದ್ರಪಾ, ಎಲ್ಲಾರೂ ಕೈ ಕಟಗೊಂಡು ಕುಂದರ್ರಿ. ಬಾಯೋರ, ನನಗೂ ಪಾಸ್ ಮಾಡ್ರಿ, ಸಾಲ್ಯಾಗ ಒಮ್ಮಿನೂ ಪಾಸ್ ಆಗಿಲ್ಲ.”

“ಈರಪ್ಪಾ, ಸುಮ್ಮ ಕುಂದರು. ಹುಡುಗಿ ನೋಡ್ಲಿ,” ಎಂದ ಅಪ್ಪ.

ಹಾರೆ ನೋಡಿದೆ, ಸರಿಯಿತ್ತು. ಸಲಿಕೆಯ ಮೊಳೆಗಳನ್ನು ಒಂದೊಂದಾಗಿ ಉಗುರಿನಿಂದ ಎಬ್ಬಿಸಿ ನೋಡಿದೆ. ಚಾಣ ಹೂ ಬಿಟ್ಟಿರಲಿಲ್ಲ. ಕಾಕಾ ಅಷ್ಟು ಹೊತ್ತೂ ಏನಾದರೊಂದು ಚೇಷ್ಟೆ ಮಾಡುತ್ತಲೇ ಇದ್ದ. ಸುತ್ತಿಗೆಗೆ ಕೈ ಹಾಕಿದಾಗ ಅವನ ಮಾತು ನಿಂತಿತು. ತಲೆಯನ್ನು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿದೆ. ಕಲ್ಲಿನ ಹಾಗೆ ಕುಳಿತಿತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ, ಕೆಳಗಿಟ್ಟು ಮುಂದಿನದಕ್ಕೆ ಕೈ ಚಾಚಿಯೇಬಿಟ್ಟಿದ್ದೆ. ಅಜ್ಜನ ಕಾವು ಉಳಿಯಿತು, ಕಾಕಾ ಉಳಿದ, ನಾನೂ ಉಳಿದೆ. ಆದರೂ ಅವ್ವ ಮಾಡುವ ಹಾಗೆ ಒಮ್ಮೆ ಮಾಡಿಬಿಡೋಣವೆಂದು ಮತ್ತೆ ಎತ್ತಿ, ಕಾವು ತಲೆ ಸೇರುವ ತುದಿಯನ್ನು ಕೆನ್ನೆಗೆ ಒತ್ತಿದೆ.

ತಣ್ಣಗಿತ್ತು. ಗೋಡೆಯೂ ಬೆಚ್ಚಗಿದ್ದ ಬೇಸಿಗೆಯ ಸಂಜೆಯಲ್ಲಿ ಆ ಕಾವು ಕುಡಿಯುವ ನೀರಿನ ಗಡಿಗೆಯ ಹಾಗೆ ತಣ್ಣಗಿತ್ತು. ಮೂಸಿದೆ, ದನ ನೀರು ಕುಡಿಯುವ ಬಾನಿಯ ವಾಸನೆ. ಕಾವಿನ ನಡುಭಾಗವನ್ನು ಒತ್ತಿ ನೋಡಿದೆ. ಅದು ಬೆಚ್ಚಗೆ, ಒಣಗಿ ಇತ್ತು. ತುದಿಯಷ್ಟನ್ನೇ ಮುಳುಗಿಸಿದ್ದರು. ನನಗೆ ಗೊತ್ತಾಯಿತು. ಗೊತ್ತಾದದ್ದನ್ನು ಹೇಳದೆ ಕೆಳಗಿಟ್ಟರೆ ಯಾರಿಗೂ ತಿಳಿಯುವುದಿಲ್ಲವೆಂಬುದೂ ಗೊತ್ತಾಯಿತು. ಇಬ್ಬರ ಬೆನ್ನೂ ನನ್ನ ಮುಂದಿದ್ದವು. ಕಾಕಾನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಅಪ್ಪನ ತಲೆಯ ಹಿಂಭಾಗ, ಹೊಸದಾಗಿ ಕ್ಷೌರ ಮಾಡಿಸಿಕೊಂಡದ್ದು, ಕಂದೀಲಿನ ಬೆಳಕಿಗೆ ಹೊಳೆಯುತ್ತಿತ್ತು.

“ಅಪ್ಪಾ, ಇದಕ್ಕ ನೀರು ಕುಡಿಸ್ಯಾರ.”

ಸುಣ್ಣ ಹಚ್ಚುತ್ತಿದ್ದ ಅಪ್ಪನ ಕೈ ನಿಂತಿತು. ಅವನು ತಿರುಗಲಿಲ್ಲ. ಬೀದಿಯನ್ನು ನೋಡುತ್ತಲೇ ಕೇಳಿದ:

“ಯಾರು ಕುಡಿಸಿದ್ರು?”

ಕಾಕಾನೂ ಬೀದಿಯನ್ನೇ ನೋಡುತ್ತಿದ್ದ. “ನಾನs.”

“ಯಾಕ?”

“ಅದರಾಗ ನಮ್ಮಪ್ಪನ ಕೈ ಐತಿ, ಅಣ್ಣಾ.”

“ಅದರ ಮುಂದ ನನ್ನ ತಲಿ ಇರತೈತಿ, ಈರಪ್ಪಾ.”

ಅಪ್ಪ ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ಹೊಲದ ಬದುವಿನ ಬಗ್ಗೆ, ಮಳೆಯ ಬಗ್ಗೆ ಹೇಳುವ ಧ್ವನಿಯಲ್ಲಿ ಹೇಳಿದ. ಮನೆಯಲ್ಲಿ ಯಾರೂ ಆಡದ ಮಾತನ್ನು ಮೊದಲ ಸಲ ಯಾರೋ ಆಡಿದ್ದರು. ಬೀದಿಯಲ್ಲಿ ಯಾರದೋ ಎಮ್ಮೆ ಗಂಟೆ ಅಲ್ಲಾಡಿಸುತ್ತ ಹಾದುಹೋಯಿತು. ಅದು ಹೋದ ಮೇಲೆ ಕಾಕಾ ಬೆನ್ನು ತಿರುಗಿಸಿಯೇ ನನ್ನೊಂದಿಗೆ ಮಾತಾಡಿದ. ಈ ಸಲ ‘ಬಾಯೋರು’ ಎನ್ನಲಿಲ್ಲ.

“ಶಾಂತವ್ವಾ, ನಾಳೆ ಒಂದು ದಿನ ನಡಸೂಣು. ಮಧ್ಯಾಹ್ನಕ್ಕ ಮತ್ತ ನೀರಾಗ ಅದ್ದತೇನಿ. ಕೆಲಸ ಮುಗದ್ರ ನಾನs ಒಲಿಗೆ ಹಾಕ್ತೇನಿ. ಆಣಿ.”

ನಾನು ಅಪ್ಪನ ಬೆನ್ನು ನೋಡಿದೆ. ಅವನು ಬೇಡ ಎಂದುಬಿಡಲಿ, ನನ್ನ ಮೇಲಿನ ಭಾರ ಇಳಿಯಲಿ ಎಂದು ಕಾದೆ. ಅಪ್ಪ ಎಲೆ ಮಡಚಿ ಬಾಯಿಗಿಟ್ಟುಕೊಂಡ.

“ನನ್ನ ಮುಖ ಯಾಕ ನೋಡತಿ? ನೋಡಾಕ ಕುಂತಾಕಿ ನೀನು,” ಎಂದ, ತಿರುಗದೆಯೇ.

“ಬ್ಯಾಡ ಕಾಕಾ,” ಎಂದೆ. ಧ್ವನಿ ನನಗೇ ಕೇಳಿಸಲಿಲ್ಲ. ಮತ್ತೊಮ್ಮೆ, ಗಟ್ಟಿಯಾಗಿ ಹೇಳಬೇಕಾಯಿತು. “ಇದು ಬ್ಯಾಡ.”

ಅಪ್ಪ ಎದ್ದು, ರಾಟೆಯ ಕೆಲಸಕ್ಕೆ ನಮ್ಮ ಜೊತೆ ಬರುತ್ತಿದ್ದ ಪಕ್ಕದ ಮನೆಯ ಮಾರುತಿ ಮಾಮಾನ ಹತ್ತಿರ ಸುತ್ತಿಗೆ ಕೇಳಲು ಹೋದ. ಕಾಕಾ ಒಳಗೆ ಬಂದ. ನನ್ನ ಮುಖ ನೋಡಲಿಲ್ಲ. ಸುತ್ತಿಗೆಯನ್ನು ಹಿತ್ತಲಿಗೆ ಒಯ್ದು, ತಲೆ ಬಿಡಿಸಿ, ಗರಗಸ ತಂದ. ಬೇಡ ಎಂದವರೇ ಒಲೆಗೆ ಹಾಕಬೇಕು ಎಂಬುದು ಅವ್ವನ ಪದ್ಧತಿ. ಆದ್ದರಿಂದ ನಾನು ಹಿಂದೆಯೇ ಹೋಗಿ ಬಚ್ಚಲ ಬಾಗಿಲಲ್ಲಿ ನಿಂತೆ. ಕಾಕಾ ಕಾವನ್ನು ಕಲ್ಲಿನ ಮೇಲಿಟ್ಟು, ಅಂಗಾಲಿನಿಂದ ಒತ್ತಿ ಹಿಡಿದು ಕೊಯ್ದ. ಗುಳಿ ಬಿದ್ದ ಜಾಗವನ್ನು ಉಳಿಸಿಕೊಳ್ಳುತ್ತಾನೆಂದು ನಾನು ಅಂದುಕೊಂಡಿದ್ದೆ. ಉಳಿಸಲಿಲ್ಲ, ಅದರ ನಡುವೆಯೇ ಗರಗಸ ಹಾಯಿಸಿದ. ಎರಡು ಹೋಳಾದಾಗ ಒಂದನ್ನು ಎತ್ತಿ ನನ್ನ ಕಡೆ ಹಿಡಿದ. ಒಳಗಿನ ಕಟ್ಟಿಗೆ ಕೆಂಪಗೆ, ಬಿಗಿಯಾಗಿ, ಒಂದು ಬಿರುಕೂ ಇಲ್ಲದೆ ಇತ್ತು.

“ಹೆಂಗೈತಿ ನೋಡು. ಇನ್ನೊಬ್ಬನ ಕೈ ಸವಿಯೂ ತನಕ ಬರತಿತ್ತು ಇದು.”

ಮರುದಿನ ಅವರು ಮಾರುತಿ ಮಾಮಾನ ಸುತ್ತಿಗೆ ತೆಗೆದುಕೊಂಡು ಬಾವಿಗೆ ಇಳಿದರು, ಸಂಜೆ ಮೈತುಂಬ ಕೆಸರಾಗಿ ನಗುತ್ತ ಮನೆಗೆ ಬಂದರು. ಅಜ್ಜನ ಕಾವು ಒಯ್ದಿದ್ದರೂ ಹಾಗೆಯೇ ನಗುತ್ತ ಬರುತ್ತಿದ್ದರೋ ಏನೋ. ಆಪರೇಷನ್ ಕೋಣೆಯಲ್ಲಿ ನಾನು ತೆಗೆದುಹಾಕಿದ ಕತ್ತರಿಗಳ ವಿಷಯದಲ್ಲೂ ನನಗೆ ಇದು ಗೊತ್ತಾಗಲಿಲ್ಲ. ತೆಗೆದಿಟ್ಟದ್ದು ಮುರಿಯುವುದಿಲ್ಲ, ಮುರಿಯದ್ದಕ್ಕೆ ಸಾಕ್ಷಿ ಇರುವುದಿಲ್ಲ. ಅವ್ವ ಅಷ್ಟು ವರ್ಷ ಸಾಕ್ಷಿಯಿಲ್ಲದೆ, ಮೈದುನನ ಚೇಷ್ಟೆ ಕೇಳಿಸಿಕೊಳ್ಳುತ್ತ ಅಲ್ಲಿ ಕುಳಿತಿದ್ದಳು.

ಆ ಸಂಜೆ ಕಾಕಾ ಎರಡು ಹೋಳನ್ನೂ ನನ್ನ ಕೈಗೆ ಕೊಟ್ಟ. ನಾನು ಒಲೆಯ ಮುಂದೆ ಕುಳಿತು ಒಂದಾದ ಮೇಲೆ ಒಂದನ್ನು ಕೆಂಡದ ಮೇಲೆ ನೂಕಿದೆ. ಒಣಗಿದ ಹೋಳು ಬೇಗ ಹೊತ್ತಿಕೊಂಡಿತು. ನೀರು ಕುಡಿದ ಹೋಳು ಹೊತ್ತಲಿಲ್ಲ. ಹೊಗೆ ಕಾರಿತು. ಆಮೇಲೆ ಅದರ ತುದಿಯಲ್ಲಿ ಬಿಳಿ ನೊರೆ ಕಾಣಿಸಿಕೊಂಡು ಗುಳುಗುಳು ಕುದಿಯತೊಡಗಿತು; ಸುಂಯ್ ಎಂದು ಉದ್ದಕ್ಕೆ ಸದ್ದು ಹೊರಟಿತು. ನಾವಿಬ್ಬರೂ ಅದನ್ನೇ ನೋಡುತ್ತ ಕುಳಿತೆವು. ಕಾಕಾನ ಕಣ್ಣಲ್ಲಿ ನೀರಿತ್ತು. ಹೊಗೆ ನನಗೂ ತಾಗುತ್ತಿತ್ತು. ಸದ್ದು ನಿಲ್ಲದಾದಾಗ ಅವನು ಮೂಗು ಒರೆಸಿಕೊಂಡು ನನ್ನ ಕಡೆ ವಾಲಿದ.

“ಕೇಳಾಕ ಹತ್ತೈತಿಲ್ಲೋ? ನಮ್ಮಪ್ಪ ಬೈಯಾಕ ಹತ್ಯಾನ.”

“ಯಾರಿಗೆ, ನನಗೇನ?”

“ನಿನಗ್ಯಾಕ ಬೈತಾನ? ಆಂವ ಹಾಕಿದ ಕಟ್ಟಳಿ ಮುರದು ಕದ್ದು ನೀರು ಕುಡಿಸಿದಾಂವ ನಾನು.”

ನನಗೆ ಅಳು ಬಂದುಬಿಟ್ಟಿತು. ಕಾಕಾ ತನ್ನ ಒದ್ದೆ ಕೈಯಿಂದ ನನ್ನ ಮುಖವೆಲ್ಲ ಒರೆಸಿ ಇನ್ನಷ್ಟು ಮಸಿ ಮಾಡಿದ. ಹಂಡೆಯೊಳಗೆ ನೀರು ಕಾಯುವ ಸದ್ದು ಶುರುವಾಗಿತ್ತು. ಮುಂಬಾಗಿಲ ಕಡೆಯಿಂದ ಅಪ್ಪನ ಹೆಜ್ಜೆ, ಅವನ ಹಿಂದೆ “ಕಾಯ್ ಝಾಲಂ ರೇ?” ಎಂದು ತನ್ನ ಮರಾಠಿಯಲ್ಲಿ ಏನಾಯಿತೆಂದು ಕೇಳುತ್ತ ಬರುವ ಮಾರುತಿ ಮಾಮಾನ ಧ್ವನಿ ಕೇಳಿಸಿತು. ಕಾಕಾ ಎದ್ದು ನಿಂತ.

“ಆ ಸುತ್ತಗಿನೂ ನೋಡಬೇಕು ನೀನು. ಹಗ್ಗ ಅಂತೂ ನೋಡೇ ಇಲ್ಲ. ಏಳು, ಬೆಳಕು ನಾ ಹಿಡೀತೇನಿ.”

ಮಾಮಾನ ಸುತ್ತಿಗೆಯನ್ನು ಕೆನ್ನೆಗೆ ಒತ್ತಿದೆ. ಬೆಚ್ಚಗೆ, ಒಣಗಿ ಇತ್ತು. ತಲೆಯೂ ಅಲ್ಲಾಡಲಿಲ್ಲ. ಆಮೇಲೆ ಹಗ್ಗದ ಸುರುಳಿ ಎಳೆದುಕೊಂಡೆ. ಕಾಕಾ ಕಂದೀಲು ಎತ್ತಿ, ಮುಖವನ್ನು ಗೋಡೆಗೆ ತಿರುಗಿಸಿ ನಿಂತ. ಮೊಳ ಮೊಳಕ್ಕೂ ಹುರಿ ಬಿಚ್ಚುತ್ತ, ನಾರನ್ನು ಬೆಳಕಿಗೆ ಹಿಡಿಯುತ್ತ ಹೋದೆ. ಹಗ್ಗ ಉದ್ದವಿತ್ತು. ಬಾಗಿಲ ಬಳಿ ಅಪ್ಪ ಎರಡನೆಯ ಎಲೆಗೆ ಸುಣ್ಣ ಹಚ್ಚುತ್ತಿದ್ದ.

“ಏನಾತು?” ಎಂದ ಕಾಕಾ, ಗೋಡೆಯ ಕಡೆಗೆ.

“ಇನ್ನೂ ಮುಗದಿಲ್ಲ. ಕಂದೀಲು ಸರಿ ಹಿಡಿ.”